ಸಣ್ಣ ಉದ್ದಿಮೆ ಪೋಷಕ ಕಾನೂನುಗಳು: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳು

ಸಣ್ಣ ಉದ್ದಿಮೆ ಪೋಷಕ ಕಾನೂನುಗಳು ಎಂದರೆ ಕಡಿಮೆ ಬಂಡವಾಳದ ತಯಾರಿಕೆ, ಸೇವೆ ಮತ್ತು ವ್ಯಾಪಾರ ಘಟಕಗಳಿಗೆ ಮಾನ್ಯತೆ, ಸಾಲ, ಸಕಾಲದ ಪಾವತಿ, ಮಾರುಕಟ್ಟೆ ಹಾಗೂ ಸರಳ ಅನುಮತಿಯನ್ನು ಒದಗಿಸಲು ಸಂಸತ್ತು ಮತ್ತು ರಾಜ್ಯ ವಿಧಾನಮಂಡಲ ರೂಪಿಸಿದ ಕಾಯ್ದೆಗಳು, ಅವುಗಳ ಅಡಿಯ ನಿಯಮಗಳು, ಅಧಿಸೂಚನೆಗಳು ಮತ್ತು ಯೋಜನೆಗಳು. ಉಡುಪಿ ಜಿಲ್ಲೆಯ ಉತ್ತರ ಭಾಗದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಗೇರುಬೀಜ ಸಂಸ್ಕರಣೆ, ಹೆಂಚು ತಯಾರಿಕೆ, ಅಕ್ಕಿ ಗಿರಣಿ, ಮೀನುಗಾರಿಕೆಗೆ ಪೂರಕವಾದ ಘಟಕಗಳು, ಯಾತ್ರಿಕರನ್ನು ನೆಚ್ಚಿದ ಸೇವೆಗಳು ಹಾಗೂ ಬೀದಿ ಬದಿ ವ್ಯಾಪಾರ ಈ ಕಾನೂನುಗಳ ವ್ಯಾಪ್ತಿಗೆ ಬರುತ್ತವೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಇವುಗಳಲ್ಲಿ ಕೇಂದ್ರಸ್ಥಾನದಲ್ಲಿದೆ.

ಪರಿಭಾಷೆ

ಈ ಲೇಖನದಲ್ಲಿ ‘ಉದ್ದಿಮೆ’ ಎಂಬುದು ತಯಾರಿಕೆ ಅಥವಾ ಸೇವೆಯಲ್ಲಿ ತೊಡಗಿದ ಘಟಕವನ್ನು ಸೂಚಿಸುತ್ತದೆ. ಮಾಲೀಕ ಒಬ್ಬನೇ ಇರಬಹುದು. ಪಾಲುದಾರಿಕೆ, ಸಹಕಾರ ಸಂಘ, ಸ್ವಸಹಾಯ ಸಂಘ ಅಥವಾ ಕಂಪನಿಯೂ ಆಗಿರಬಹುದು. ‘2006ರ ಕಾಯ್ದೆ’ ಎಂದಲ್ಲೆಲ್ಲ ಮೇಲೆ ಹೇಳಿದ ಅಭಿವೃದ್ಧಿ ಕಾಯ್ದೆಯನ್ನೇ ತಿಳಿಯಬೇಕು. ‘ಕಲಂ’ ಎಂದರೆ ಕಾಯ್ದೆಯ ವಿಧಿ. ‘ಪ್ರಕರಣ’ ಎಂದರೆ ನ್ಯಾಯಾಲಯದ ವ್ಯಾಜ್ಯ. ಸಂಸತ್ತು ಅಥವಾ ವಿಧಾನಮಂಡಲ ಅಂಗೀಕರಿಸಿದ್ದು ‘ಕಾಯ್ದೆ’. ಸರ್ಕಾರ ಆದೇಶದ ಮೂಲಕ ಜಾರಿಗೊಳಿಸಿ, ಆದೇಶದಿಂದಲೇ ಬದಲಿಸಬಹುದಾದದ್ದು ‘ಯೋಜನೆ’. ಕಾಯ್ದೆ ಹಕ್ಕನ್ನು ಕೊಡುತ್ತದೆ. ಯೋಜನೆ ಸಾಮಾನ್ಯವಾಗಿ ಅರ್ಹತೆಯನ್ನು ಮಾತ್ರ ಗೊತ್ತುಪಡಿಸುತ್ತದೆ, ಮಂಜೂರಾತಿ ಬ್ಯಾಂಕಿನ ಅಥವಾ ಇಲಾಖೆಯ ತೀರ್ಮಾನಕ್ಕೆ ಒಳಪಟ್ಟಿರುತ್ತದೆ.

ಪ್ರಾದೇಶಿಕ ಹಿನ್ನೆಲೆ

ಉಡುಪಿ ಜಿಲ್ಲೆ 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟಾಗ ಅದರಲ್ಲಿ ಉಡುಪಿ, ಕುಂದಾಪುರ ಮತ್ತು ಕಾರ್ಕಳ ಎಂಬ ಮೂರು ತಾಲೂಕುಗಳಿದ್ದವು. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದವು. ಕುಂದಾಪುರದಲ್ಲಿ ಪುರಸಭೆ, ಬೈಂದೂರಿನಲ್ಲಿ ಮತ್ತು ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮದಲ್ಲಿ ಪಟ್ಟಣ ಪಂಚಾಯತ್ ಇವೆ. ಉಳಿದ ಬಹುಭಾಗ ಗ್ರಾಮ ಪಂಚಾಯತ್ ಆಡಳಿತದಲ್ಲಿದೆ. ಪುರಸಭೆಗೆ ಒಂದು ಕಾಯ್ದೆ, ಗ್ರಾಮ ಪಂಚಾಯತ್‌ಗೆ ಮತ್ತೊಂದು ಕಾಯ್ದೆ ಅನ್ವಯಿಸುವುದರಿಂದ ಅಂಗಡಿಗೋ ಗಿರಣಿಗೋ ಪರವಾನಗಿ ಕೊಡುವ ಅಧಿಕಾರ ಯಾರದ್ದು ಎಂಬುದನ್ನು ಈ ಗಡಿಗಳೇ ನಿರ್ಧರಿಸುತ್ತವೆ.

ಬಸರೂರು ಮತ್ತು ಬಾರ್ಕೂರು ಮಧ್ಯಯುಗದಲ್ಲಿ ಪ್ರಸಿದ್ಧ ವ್ಯಾಪಾರ ಕೇಂದ್ರಗಳಾಗಿದ್ದವು. ಆಧುನಿಕ ಕಾಲದಲ್ಲಿ ಇಲ್ಲಿನ ಉದ್ದಿಮೆಗಳು ನದಿ, ಕಡಲು ಮತ್ತು ಗುಡ್ಡದ ಬೆಳೆಗಳನ್ನು ಅನುಸರಿಸಿ ಬೆಳೆದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಆ ಉದ್ಯಮ ಜೇಡಿಮಣ್ಣು, ಸೌದೆ ಮತ್ತು ಜಲಸಾರಿಗೆ ಮೂರೂ ಸಿಗುತ್ತಿದ್ದ ಕುಂದಾಪುರ ಸೀಮೆಯ ನದಿ ದಂಡೆಗಳಿಗೂ ಹಬ್ಬಿತು. ಗುಡ್ಡಗಾಡಿನ ಗೇರು ಬೆಳೆ ಗೇರುಬೀಜ ಕಾರ್ಖಾನೆಗಳಿಗೆ, ಭತ್ತದ ಬೈಲುಗಳು ಕುಚ್ಚಲಕ್ಕಿ ಗಿರಣಿಗಳಿಗೆ ಆಧಾರವಾದವು. ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರು, ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆಯಲ್ಲಿ ಮೀನುಗಾರಿಕೆಯ ಸುತ್ತ ಮಂಜುಗಡ್ಡೆ ಸ್ಥಾವರ, ದೋಣಿ ದುರಸ್ತಿ, ಬಲೆ ಕೆಲಸ, ಒಣಮೀನು ವ್ಯಾಪಾರ ಬೆಳೆದವು. ಕೊಲ್ಲೂರಿನ ಯಾತ್ರಿಕರಿಂದ ವಸತಿ, ಹೋಟೆಲ್ ಮತ್ತು ಸಾರಿಗೆ ಸೇವೆಗಳು ನಡೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಋತುಮಾನಕ್ಕೆ ಕಟ್ಟುಬಿದ್ದ ವೃತ್ತಿಗಳು: ಕಚ್ಚಾ ಗೇರುಬೀಜ ಬೇಸಿಗೆಯಲ್ಲಿ ಬರುತ್ತದೆ, ಯಾಂತ್ರೀಕೃತ ಮೀನುಗಾರಿಕೆ ಜೂನ್ ಮತ್ತು ಜುಲೈನಲ್ಲಿ 61 ದಿನ ನಿಷಿದ್ಧ. ಆದ್ದರಿಂದ ದುಡಿಯುವ ಬಂಡವಾಳ ಮತ್ತು ಬಾಕಿ ವಸೂಲಿಗೆ ಸಂಬಂಧಿಸಿದ ವಿಧಿಗಳಿಗೆ ಇಲ್ಲಿ ವಿಶೇಷ ಮಹತ್ವವಿದೆ.

ಉಗಮ ಮತ್ತು ಬೆಳವಣಿಗೆ

ಸ್ವಾತಂತ್ರ್ಯಪೂರ್ವ ಕಾಲ: ಈ ಪ್ರದೇಶ 1956ರ ನವೆಂಬರ್ 1ರವರೆಗೆ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಸಾಲದ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. 1912ರ ಕಾಯ್ದೆ ಮಾರಾಟ, ಖರೀದಿ ಮತ್ತು ಉತ್ಪಾದನೆಯ ಸಂಘಗಳಿಗೂ ದಾರಿ ತೆರೆಯಿತು. ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹರೆಂದು ಪ್ರಸಿದ್ಧರಾದ ಮೊಳಹಳ್ಳಿ ಶಿವರಾಯರು (1880–1967) ಪುತ್ತೂರನ್ನು ಕೇಂದ್ರವಾಗಿಸಿಕೊಂಡು ಈ ಕಾಯ್ದೆಗಳ ಅಡಿ ಸಂಘಗಳನ್ನು ಕಟ್ಟಿದರು. ಅವರ ಹೆಸರಿನಲ್ಲಿರುವ ಮೊಳಹಳ್ಳಿ ಕುಂದಾಪುರ ತಾಲೂಕಿನ ಊರು. ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಮೂಲ 1914ರಷ್ಟು ಹಿಂದಿನದು. ಕೈಗಾರಿಕೆಗಳಿಗೆ ಸರ್ಕಾರ ನೇರವಾಗಿ ನೆರವು ನೀಡಲು ಮದ್ರಾಸ್ ಪ್ರಾಂತ 1922ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಇದೇ ಅವಧಿಯಲ್ಲಿ ಖಾಸಗಿ ಬ್ಯಾಂಕುಗಳೂ ಹುಟ್ಟಿಕೊಂಡವು. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯ ಉದ್ದೇಶ ಸಂಕಷ್ಟದಲ್ಲಿದ್ದ ಕೈಮಗ್ಗ ನೇಕಾರರಿಗೆ ಹಣಕಾಸಿನ ನೆರವು ಕೊಡುವುದಾಗಿತ್ತು. ಅದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಸಣ್ಣ ವ್ಯಾಪಾರಿಗಳ ದಿನದ ಉಳಿತಾಯವನ್ನು ಅವರ ಅಂಗಡಿಯಲ್ಲೇ ಸಂಗ್ರಹಿಸುವ ವ್ಯವಸ್ಥೆ.

1947ರಿಂದ 1991: ಕೇಂದ್ರ ಸರ್ಕಾರ 1954ರಲ್ಲಿ ಸಣ್ಣ ಕೈಗಾರಿಕೆಗಳ ಮಂಡಳಿಯನ್ನೂ 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮವನ್ನೂ ರಚಿಸಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1956ರ ಕಾಯ್ದೆಯಿಂದ ಬಂದಿತು. 1951ರ ರಾಜ್ಯ ಹಣಕಾಸು ನಿಗಮಗಳ ಕಾಯ್ದೆಯ ಅಡಿ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. 1960ರಲ್ಲಿ ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1966ರ ಕಾಯ್ದೆಯಿಂದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿದವು. ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಘಟಕಗಳಿಗಷ್ಟೇ ಮೀಸಲಿಡುವ ನೀತಿ 1967ರಲ್ಲಿ 47 ವಸ್ತುಗಳೊಂದಿಗೆ ಆರಂಭವಾಗಿ ಮುಂದೆ ನೂರಾರು ವಸ್ತುಗಳಿಗೆ ವಿಸ್ತರಿಸಿತು; 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳ ಮೀಸಲು ರದ್ದಾಗಿ ಕೊನೆಗೊಂಡಿತು. 1969ರ ಬ್ಯಾಂಕ್ ರಾಷ್ಟ್ರೀಕರಣದ ಬಳಿಕ ಆದ್ಯತಾ ವಲಯದ ಸಾಲ ಮತ್ತು ಅಗ್ರಣಿ ಬ್ಯಾಂಕ್ ಪದ್ಧತಿ ರೂಪುಗೊಂಡವು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳ ವ್ಯವಸ್ಥೆ ಆರಂಭವಾಯಿತು.

1991ರ ನಂತರ: ಉದಾರೀಕರಣದೊಂದಿಗೆ ಕಾನೂನಿನ ಒತ್ತು ಮೀಸಲಿನಿಂದ ಪಾವತಿ, ಸಾಲ ಮತ್ತು ಅನುಮತಿಗಳ ಕಡೆಗೆ ಹೊರಳಿತು. ಇದಕ್ಕೆ ತುಸು ಮೊದಲೇ ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ (ಸಿಡ್ಬಿ) 1989ರ ಕಾಯ್ದೆಯ ಮೇರೆಗೆ 1990ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. ವಿಳಂಬ ಪಾವತಿಗೆ ಬಡ್ಡಿ ವಿಧಿಸುವ ಮೊದಲ ಕೇಂದ್ರ ಕಾಯ್ದೆ 1993ರಲ್ಲಿ ಬಂತು. ಅದನ್ನು ರದ್ದುಪಡಿಸಿ, ಅದರ ತಿರುಳನ್ನು ಬಲಪಡಿಸಿ ಒಳಗೊಂಡದ್ದು 2006ರ ಕಾಯ್ದೆ.

2006ರ ಕಾಯ್ದೆಯ ರಚನೆ

ಈ ಕಾಯ್ದೆ 2006ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ವರ್ಗೀಕರಣ, ನೋಂದಣಿ, ಪ್ರೋತ್ಸಾಹ ಮತ್ತು ವಿಳಂಬ ಪಾವತಿಯ ಪರಿಹಾರ ಇದರ ನಾಲ್ಕು ಅಂಗಗಳು.

ವರ್ಗೀಕರಣ: 2020ರ ಜುಲೈ 1ರಿಂದ ತಯಾರಿಕೆ ಮತ್ತು ಸೇವೆ ಎರಡಕ್ಕೂ ಒಂದೇ ಅಳತೆ ಅನ್ವಯಿಸುತ್ತದೆ. ಯಂತ್ರೋಪಕರಣಗಳ ಮೇಲಿನ ಹೂಡಿಕೆ ಮತ್ತು ವಾರ್ಷಿಕ ವಹಿವಾಟು ಎರಡನ್ನೂ ಒಟ್ಟಿಗೆ ನೋಡಲಾಗುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಗಳು ಹೀಗಿವೆ:

ಸೂಕ್ಷ್ಮ ಉದ್ದಿಮೆ: ಹೂಡಿಕೆ 2.5 ಕೋಟಿ ರೂ., ವಹಿವಾಟು 10 ಕೋಟಿ ರೂ. ಮೀರಬಾರದು.
ಸಣ್ಣ ಉದ್ದಿಮೆ: ಹೂಡಿಕೆ 25 ಕೋಟಿ ರೂ., ವಹಿವಾಟು 100 ಕೋಟಿ ರೂ. ಮೀರಬಾರದು.
ಮಧ್ಯಮ ಉದ್ದಿಮೆ: ಹೂಡಿಕೆ 125 ಕೋಟಿ ರೂ., ವಹಿವಾಟು 500 ಕೋಟಿ ರೂ. ಮೀರಬಾರದು.

ಎರಡು ಮಿತಿಗಳಲ್ಲಿ ಯಾವುದೊಂದನ್ನು ದಾಟಿದರೂ ಘಟಕ ಮೇಲಿನ ವರ್ಗಕ್ಕೆ ಸೇರುತ್ತದೆ. ರಫ್ತಿನ ಮೊತ್ತವನ್ನು ವಹಿವಾಟಿನ ಲೆಕ್ಕದಿಂದ ಬಿಡುವುದರಿಂದ ಗೇರುಬೀಜ ಮತ್ತು ಸಮುದ್ರ ಉತ್ಪನ್ನಗಳ ರಫ್ತುದಾರರು ಕೆಳವರ್ಗದಲ್ಲೇ ಉಳಿಯಬಲ್ಲರು. ಮೇಲಿನ ವರ್ಗಕ್ಕೆ ಏರಿದ ಘಟಕಕ್ಕೆ ಹಿಂದಿನ ವರ್ಗದ ತೆರಿಗೆಯೇತರ ಸೌಲಭ್ಯಗಳು ಮೂರು ವರ್ಷ ಮುಂದುವರಿಯುತ್ತವೆ.

ನೋಂದಣಿ: ‘ಉದ್ಯಮ’ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಯ ಆಧಾರದ ಮೇಲೆ ಸ್ವಯಂಘೋಷಣೆಯಿಂದ ನೋಂದಣಿ ನಡೆಯುತ್ತದೆ. ಇದಕ್ಕೆ ಶುಲ್ಕವಿಲ್ಲ, ದಾಖಲೆಗಳನ್ನು ಸಲ್ಲಿಸಬೇಕಿಲ್ಲ. ಪ್ಯಾನ್ ಅಥವಾ ಜಿಎಸ್‌ಟಿ ಸಂಖ್ಯೆ ಇಲ್ಲದ ಅನೌಪಚಾರಿಕ ಸೂಕ್ಷ್ಮ ಘಟಕಗಳಿಗಾಗಿ 2023ರಲ್ಲಿ ‘ಉದ್ಯಮ ಅಸಿಸ್ಟ್’ ವೇದಿಕೆ ಬಂದಿತು; ಅದರಲ್ಲಿ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಘಟಕದ ಪರವಾಗಿ ನೋಂದಾಯಿಸುತ್ತದೆ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ 2021ರ ಜುಲೈನಿಂದ ನೋಂದಣಿಗೆ ಅವಕಾಶವಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ವಿಳಂಬ ಪಾವತಿಯ ಪರಿಹಾರ ಅವರಿಗೆ ಇದರಿಂದ ದೊರೆಯುವುದಿಲ್ಲ.

ವಿಳಂಬ ಪಾವತಿ: ಕಲಂ 15ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು ಅಥವಾ ಸೇವೆ ಪಡೆದ ಖರೀದಿದಾರ ಲಿಖಿತ ಒಪ್ಪಂದದ ದಿನಾಂಕದೊಳಗೆ ಹಣ ಕೊಡಬೇಕು, ಒಪ್ಪಂದದ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳ ಗಡುವು. ತಪ್ಪಿದರೆ ಕಲಂ 16ರಂತೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ತೆರಬೇಕು. ಉದಾಹರಣೆಗೆ, ಹೆಂಚಿನ ಕಾರ್ಖಾನೆಯೊಂದಕ್ಕೆ ಗುತ್ತಿಗೆದಾರ ಕಂಪನಿಯೊಂದು 2,00,000 ರೂ. ಬಾಕಿ ಉಳಿಸಿಕೊಂಡು ಗಡುವಿನ ಬಳಿಕ ಆರು ತಿಂಗಳು ಕಳೆಯಿತು, ಆಗ ಬ್ಯಾಂಕ್ ದರ ಶೇ 6 ಇತ್ತು ಎಂದಿಟ್ಟುಕೊಂಡರೆ, ಅನ್ವಯಿಸುವ ದರ ವರ್ಷಕ್ಕೆ ಶೇ 18, ತಿಂಗಳಿಗೆ ಶೇ 1.5. ಆರು ತಿಂಗಳ ಬಡ್ಡಿ ಸುಮಾರು 18,689 ರೂ. ಆಗುತ್ತದೆ. ಬಡ್ಡಿ ಬೇಡವೆಂದು ಒಪ್ಪಂದದಲ್ಲಿ ಬರೆದಿದ್ದರೂ ಈ ಹೊಣೆ ತಪ್ಪುವುದಿಲ್ಲ.

ನೆರವು ಮಂಡಳಿ: ಬಾಕಿಯ ವಿವಾದವನ್ನು ಕಲಂ 18ರಂತೆ ರಾಜ್ಯ ಸರ್ಕಾರ ರಚಿಸಿದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ನೆರವು ಮಂಡಳಿಗೆ ಒಯ್ಯಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ. ವಿಫಲವಾದರೆ ತಾನೇ ಮಧ್ಯಸ್ಥಿಕೆ ನಡೆಸುತ್ತದೆ ಅಥವಾ ಬೇರೆ ಸಂಸ್ಥೆಗೆ ವಹಿಸುತ್ತದೆ. ಇತ್ಯರ್ಥಕ್ಕೆ ಕಾಯ್ದೆ ಹೇಳುವ ಅವಧಿ 90 ದಿನ. ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊತ್ತದ ಶೇ 75ನ್ನು ಮೊದಲೇ ನ್ಯಾಯಾಲಯದಲ್ಲಿ ಠೇವಣಿ ಇಡಬೇಕು. ದೂರು ಸಲ್ಲಿಸಲು 2017ರಿಂದ ‘ಸಮಾಧಾನ್’ ಜಾಲತಾಣವಿದ್ದು, 2025ರಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರ ವೇದಿಕೆಯೂ ಆರಂಭವಾಯಿತು.

ನ್ಯಾಯಾಲಯದ ವ್ಯಾಖ್ಯಾನ: ಸರಕು ಪೂರೈಸಿದ ಬಳಿಕ ನೋಂದಾಯಿಸಿ ಹಿಂದಿನ ಬಾಕಿಗೆ ಈ ಕಾಯ್ದೆಯ ಲಾಭ ಪಡೆಯಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. ಪಕ್ಷಗಾರರ ನಡುವೆ ಪ್ರತ್ಯೇಕ ಮಧ್ಯಸ್ಥಿಕೆ ಒಪ್ಪಂದವಿದ್ದರೂ ಕಲಂ 18ರ ದಾರಿಯೇ ಮೇಲು ಎಂದು 2022ರ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಒಪ್ಪಂದಕ್ಕೆ ಮೊದಲೇ ನೋಂದಣಿ ಆಗಿರಬೇಕೇ ಎಂಬ ಪ್ರಶ್ನೆಯನ್ನು 2025ರ ಜನವರಿಯಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಲಾಯಿತು.

ಪೋಷಕ ವಿಧಿಗಳ ಬಗೆಗಳು

ಸಾಲ: ವಾಣಿಜ್ಯ ಬ್ಯಾಂಕುಗಳು ತಮ್ಮ ಹೊಂದಾಣಿಕೆಗೊಂಡ ನಿವ್ವಳ ಸಾಲದ ಶೇ 40ನ್ನು ಆದ್ಯತಾ ವಲಯಕ್ಕೂ ಅದರೊಳಗೆ ಶೇ 7.5ನ್ನು ಸೂಕ್ಷ್ಮ ಉದ್ದಿಮೆಗಳಿಗೂ ಕೊಡಬೇಕು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 10 ಲಕ್ಷ ರೂ.ವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿ ನಿರ್ದೇಶಿಸಿತು. ಕೇಂದ್ರ ಸರ್ಕಾರ ಮತ್ತು ಸಿಡ್ಬಿ 2000ದಲ್ಲಿ ಸ್ಥಾಪಿಸಿದ ಸಾಲ ಖಾತರಿ ನಿಧಿ ನ್ಯಾಸ ಅಡಮಾನವಿಲ್ಲದ ಸಾಲಗಳಿಗೆ ಬ್ಯಾಂಕಿಗೆ ಖಾತರಿ ಕೊಡುತ್ತದೆ. ಅದರ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ ರೂ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು (50,000 ರೂ.ವರೆಗೆ), ಕಿಶೋರ (5 ಲಕ್ಷ ರೂ.ವರೆಗೆ), ತರುಣ (10 ಲಕ್ಷ ರೂ.ವರೆಗೆ) ಎಂಬ ಹಂತಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷ ರೂ.ವರೆಗೂ ಸಾಲ ಸಿಗುತ್ತದೆ.

ಸಹಾಯಧನ: 2008ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹೊಸ ಘಟಕಕ್ಕೆ ಸಾಲದೊಂದಿಗೆ ಸಹಾಯಧನ ದೊರೆಯುತ್ತದೆ. ಯೋಜನಾ ವೆಚ್ಚದ ಮಿತಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂ. ಸಹಾಯಧನ ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಗ್ರಾಮದಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದವರಿಗೆ ಕ್ರಮವಾಗಿ ಶೇ 25 ಮತ್ತು ಶೇ 35. ಗ್ರಾಮ ಪಂಚಾಯತ್ ವ್ಯಾಪ್ತಿಯ ಮಹಿಳೆಯೊಬ್ಬರು 10 ಲಕ್ಷ ರೂ. ವೆಚ್ಚದ ಹಪ್ಪಳ ತಯಾರಿಕಾ ಘಟಕ ಹಾಕಿದರೆ ಅವರ ಸ್ವಂತ ಪಾಲು 50,000 ರೂ., ಸಹಾಯಧನ 3.5 ಲಕ್ಷ ರೂ. ಈ ಸಹಾಯಧನ ಕೈಗೆ ನಗದಾಗಿ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಬಳಿಕ ಸಾಲಕ್ಕೆ ಹೊಂದಿಕೆಯಾಗುತ್ತದೆ. 2020ರ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಕೇಂದ್ರದ ಸಹಾಯಧನ ಶೇ 35, ಗರಿಷ್ಠ 10 ಲಕ್ಷ ರೂ. ಕರ್ನಾಟಕ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂ. ಕೊಡುತ್ತದೆ. ಈ ಯೋಜನೆಯಲ್ಲಿ ಉಡುಪಿ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಸಮುದ್ರ ಉತ್ಪನ್ನ.

ಕುಶಲಕರ್ಮಿಗಳ ನೆರವು: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಒಳಗೊಂಡಿದೆ. ಮರಗೆಲಸ, ಕಮ್ಮಾರಿಕೆ, ಕುಂಬಾರಿಕೆ, ದೋಣಿ ತಯಾರಿಕೆ, ಮೀನು ಬಲೆ ಹೆಣಿಗೆ, ಬುಟ್ಟಿ ಮತ್ತು ಚಾಪೆ ಹೆಣಿಗೆ, ಹೂಮಾಲೆ ಕಟ್ಟುವುದು ಅವುಗಳಲ್ಲಿ ಈ ಭಾಗಕ್ಕೆ ಹತ್ತಿರವಾದವು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಭತ್ಯೆ, ಉಪಕರಣಗಳಿಗೆ 15,000 ರೂ., ಮೊದಲು 1 ಲಕ್ಷ ಮತ್ತು ಬಳಿಕ 2 ಲಕ್ಷ ರೂ. ಸಾಲ ಶೇ 5ರ ಬಡ್ಡಿಯಲ್ಲಿ ದೊರೆಯುತ್ತದೆ.

ಮಾರುಕಟ್ಟೆ: 2006ರ ಕಾಯ್ದೆಯ ಕಲಂ 11ರ ಅಡಿ ಹೊರಡಿಸಿದ 2012ರ ಸಾರ್ವಜನಿಕ ಖರೀದಿ ಆದೇಶ ಕೇಂದ್ರದ ಇಲಾಖೆಗಳು ಮತ್ತು ಉದ್ಯಮಗಳಿಗೆ ಅನ್ವಯಿಸುತ್ತದೆ. ಅವು ವಾರ್ಷಿಕ ಖರೀದಿಯ ಶೇ 25ನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಅದರಲ್ಲಿ ಶೇ 4 ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ, ಶೇ 3 ಮಹಿಳಾ ಉದ್ಯಮಿಗಳಿಗೆ. 358 ವಸ್ತುಗಳ ಖರೀದಿ ಇವರಿಗಷ್ಟೇ ಮೀಸಲು. ಭೌಗೋಳಿಕ ಸೂಚಕಗಳ ಕಾಯ್ದೆ, 1999ರ ಅಡಿ ನೋಂದಣಿಯಾದ ಉಡುಪಿ ಮಲ್ಲಿಗೆ ಮತ್ತು ಉಡುಪಿ ಸೀರೆಯ ಹೆಸರನ್ನು ಬೇರೆಡೆಯ ಉತ್ಪನ್ನಕ್ಕೆ ಬಳಸುವಂತಿಲ್ಲ.

ತೆರಿಗೆ: ಜಿಎಸ್‌ಟಿಯಲ್ಲಿ ಸರಕು ವ್ಯಾಪಾರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆಗೆ 20 ಲಕ್ಷ ರೂ. ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. 1.5 ಕೋಟಿ ರೂ.ವರೆಗಿನ ವಹಿವಾಟಿನವರು ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಅದರಲ್ಲಿ ತಯಾರಕರಿಗೂ ವ್ಯಾಪಾರಿಗಳಿಗೂ ಶೇ 1, ಹೋಟೆಲಿಗೆ ಶೇ 5 ತೆರಿಗೆ. ಆದಾಯ ತೆರಿಗೆಯಲ್ಲಿ ಸಣ್ಣ ವಹಿವಾಟಿನವರು ಲೆಕ್ಕಪುಸ್ತಕಗಳ ಬದಲು ವಹಿವಾಟಿನ ನಿಗದಿತ ಪ್ರಮಾಣವನ್ನೇ ಲಾಭವೆಂದು ಘೋಷಿಸಬಹುದು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿಗೆ ಸೇರಿಸಿದ ವಿಧಿಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರ ಆ ವರ್ಷದ ವೆಚ್ಚವೆಂದು ಕಳೆಯುವಂತಿಲ್ಲ. ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಬಹುದು.

ಸಂಕಷ್ಟ ಪರಿಹಾರ: ಸಾಲ ಸುಸ್ತಿಯಾಗುವ ಮುನ್ನವೇ ಘಟಕವನ್ನು ಉಳಿಸಲು 2015ರ ಮೇ ತಿಂಗಳಲ್ಲಿ ಪುನಶ್ಚೇತನ ಚೌಕಟ್ಟನ್ನು ಅಧಿಸೂಚಿಸಲಾಯಿತು. ಇದು 25 ಕೋಟಿ ರೂ.ವರೆಗಿನ ಸಾಲಗಳಿಗೆ ಅನ್ವಯಿಸುತ್ತದೆ. ಬ್ಯಾಂಕುಗಳು ಈ ಚೌಕಟ್ಟಿಗೆ ಬದ್ಧ, ಆದರೆ ಘಟಕವೂ ತಾನು ನೋಂದಾಯಿತ ಉದ್ದಿಮೆ ಎಂಬುದನ್ನು ದಾಖಲೆ ಸಹಿತ ಸಕಾಲದಲ್ಲಿ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಪ್ರೋ ನಿಟ್ಸ್ ಪ್ರಕರಣದಲ್ಲಿ ಹೇಳಿತು. ಕಂಪನಿ ಮತ್ತು ಸೀಮಿತ ಹೊಣೆಯ ಪಾಲುದಾರಿಕೆ ರೂಪದ ಉದ್ದಿಮೆಗಳಿಗೆ 2021ರಿಂದ ದಿವಾಳಿ ಸಂಹಿತೆಯಲ್ಲಿ ಪೂರ್ವನಿಯೋಜಿತ ಪರಿಹಾರದ ದಾರಿಯೂ ಇದೆ.

ರಾಜ್ಯದ ಕಾಯ್ದೆಗಳು

ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆ, 2002 ಏಕಗವಾಕ್ಷಿ ವ್ಯವಸ್ಥೆಯ ಆಧಾರ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿ 15 ಕೋಟಿ ರೂ.ವರೆಗಿನ ಯೋಜನೆಗಳಿಗೆ ಮಂಜೂರಾತಿ ಕೊಡುತ್ತದೆ. ಈ ಮೂರು ತಾಲೂಕುಗಳ ಬಹುಪಾಲು ಪ್ರಸ್ತಾವಗಳು ಇಲ್ಲಿಯೇ ಇತ್ಯರ್ಥವಾಗಬಲ್ಲವು. 2020ರ ತಿದ್ದುಪಡಿ ಪ್ರಮಾಣಪತ್ರ (ಅಫಿಡವಿಟ್) ಆಧಾರಿತ ಮಂಜೂರಾತಿಯನ್ನು ತಂದಿತು: ಉದ್ಯಮಿ ನಿಯಮಗಳನ್ನು ಪಾಲಿಸುವುದಾಗಿ ಪ್ರಮಾಣಪತ್ರ ಸಲ್ಲಿಸಿ ಕೆಲಸ ಆರಂಭಿಸಬಹುದು, ನಿರ್ದಿಷ್ಟ ರಾಜ್ಯ ಅನುಮತಿಗಳನ್ನು ಮೂರು ವರ್ಷಗಳೊಳಗೆ ಪಡೆಯಬಹುದು. ಕೇಂದ್ರ ಕಾಯ್ದೆಗಳ ಅನುಮತಿಗೆ ಈ ವಿನಾಯಿತಿ ಇಲ್ಲ. 2025ರ ಫೆಬ್ರುವರಿಯಲ್ಲಿ ಪ್ರಕಟವಾದ 2025–30ರ ಕೈಗಾರಿಕಾ ನೀತಿ ಹೂಡಿಕೆಗೆ ಸಂಬಂಧಿಸಿದ ರಿಯಾಯಿತಿಗಳನ್ನು ಗೊತ್ತುಪಡಿಸುತ್ತದೆ.

ವ್ಯಾಪಾರ ಪರವಾನಗಿ ಪಟ್ಟಣಗಳಲ್ಲಿ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಅಡಿಯೂ ಹಳ್ಳಿಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ ಅಡಿಯೂ ದೊರೆಯುತ್ತದೆ. ಅಂಗಡಿ, ಹೋಟೆಲುಗಳು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ಕೃಷಿ ಭೂಮಿಯಲ್ಲಿ ಘಟಕ ಕಟ್ಟಲು 1964ರ ಭೂ ಕಂದಾಯ ಕಾಯ್ದೆಯ ಕಲಂ 95ರ ಭೂಪರಿವರ್ತನೆ ಸಾಮಾನ್ಯವಾಗಿ ಬೇಕಾಗುತ್ತದೆ.

ಸಹಕಾರ ಸಂಘಗಳಿಗೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959 ಮತ್ತು ಹೆಚ್ಚಿನ ಸ್ವಾಯತ್ತತೆ ಕೊಡುವ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ, 1997 ಅನ್ವಯಿಸುತ್ತವೆ. ಖಾಸಗಿ ಸಾಲದ ಶೋಷಣೆಯನ್ನು ತಡೆಯಲು 1961ರ ಲೇವಾದೇವಿಗಾರರ ಕಾಯ್ದೆ ಮತ್ತು 2004ರ ವಿಪರೀತ ಬಡ್ಡಿ ವಿಧಿಸುವಿಕೆ ನಿಷೇಧ ಕಾಯ್ದೆ ಇವೆ. ಕಿರು ಸಾಲ ವಸೂಲಿಯಲ್ಲಿ ಬಲವಂತವನ್ನು ತಡೆಯುವ ಕಾನೂನು 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ನಂತರ ಕಾಯ್ದೆಯಾಗಿ ಬಂದಿತು.

ಬೀದಿ ಬದಿ ವ್ಯಾಪಾರ

ಬೀದಿ ಬದಿ ವ್ಯಾಪಾರಿಗಳ (ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಕಾಯ್ದೆ 2014ರ ಮೇ 1ರಿಂದ ಜಾರಿಯಲ್ಲಿದೆ. ಬುಟ್ಟಿಯಲ್ಲಿ ಮೀನು ಹೊತ್ತು ಮಾರುವವರಂಥ ಸಂಚಾರಿ ವ್ಯಾಪಾರಿಗಳೂ ಇದರ ವ್ಯಾಖ್ಯೆಗೆ ಬರುತ್ತಾರೆ. ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳಿಂದಲೇ ಆಯ್ಕೆಯಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಜಪ್ತಿ ಮಾಡಿದ ಸರಕನ್ನು ವ್ಯಾಪಾರಿ ಕೇಳಿದ ಎರಡು ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು. ಮೀನು, ಹೂವು, ತರಕಾರಿಯಂಥ ಬೇಗ ಕೆಡುವ ಸರಕಾದರೆ ಅದೇ ದಿನ.

ವ್ಯಾಪಾರಿಗಳ ಸಂಖ್ಯೆ ಪಟ್ಟಣದ ಜನಸಂಖ್ಯೆಯ ಶೇ 2.5ರವರೆಗೆ ಇರಬಹುದು. 2011ರ ಜನಗಣತಿಯಲ್ಲಿ ಸುಮಾರು 30 ಸಾವಿರ ಜನಸಂಖ್ಯೆಯಿದ್ದ ಕುಂದಾಪುರ ಪಟ್ಟಣಕ್ಕೆ ಈ ಲೆಕ್ಕದಲ್ಲಿ ಸುಮಾರು 750 ಮಂದಿಗೆ ಅವಕಾಶವಾಗುತ್ತದೆ. ಕಾಯ್ದೆ ಪಟ್ಟಣದ ಸ್ಥಳೀಯ ಸಂಸ್ಥೆಗಳನ್ನು ಉದ್ದೇಶಿಸಿದ್ದರಿಂದ ಗ್ರಾಮ ಪಂಚಾಯತ್ ವ್ಯಾಪ್ತಿಯ ಸಂತೆ ಮತ್ತು ಹೆದ್ದಾರಿ ಬದಿಯ ವ್ಯಾಪಾರ ಪಂಚಾಯತ್ ಕಾಯ್ದೆಯ ನಿಯಂತ್ರಣದಲ್ಲೇ ಉಳಿಯುತ್ತದೆ. 2020ರ ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯ ಸಾಲದ ಕಂತುಗಳು 2025ರ ಪರಿಷ್ಕರಣೆಯ ಬಳಿಕ 15,000, 25,000 ಮತ್ತು 50,000 ರೂ.

ವಲಯವಾರು ಅನ್ವಯ

ಗೇರುಬೀಜ: ಕಾರ್ಖಾನೆಯಲ್ಲಿ ಕಚ್ಚಾ ಬೀಜವನ್ನು ಒಣಗಿಸಿ, ಹಬೆಯಲ್ಲಿ ಬೇಯಿಸಿ, ಸಿಪ್ಪೆ ಒಡೆದು, ತಿರುಳನ್ನು ಬೋರ್ಮ ಎಂಬ ಬಿಸಿಗಾಳಿ ಗೂಡಿನಲ್ಲಿ ಒಣಗಿಸಿ, ಹೊಟ್ಟು ತೆಗೆದು, ದರ್ಜೆ ಬೇರ್ಪಡಿಸಿ ತುಂಬಲಾಗುತ್ತದೆ. ಡಬ್ಲ್ಯು 240, ಡಬ್ಲ್ಯು 320 ಎಂಬ ದರ್ಜೆಗಳು ಒಂದು ಪೌಂಡಿನಲ್ಲಿ ಇರುವ ಇಡೀ ಬೀಜಗಳ ಅಂದಾಜು ಸಂಖ್ಯೆಯನ್ನು ಸೂಚಿಸುತ್ತವೆ. ಪ್ರತಿ ಹಂತಕ್ಕೂ ಒಂದೊಂದು ಕಾನೂನು ತಾಗುತ್ತದೆ: ಬಾಯ್ಲರಿಗೆ ಬಾಯ್ಲರ್ ಕಾಯ್ದೆ, ಹೊಗೆ ಮತ್ತು ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ತಿರುಳಿಗೆ 2006ರ ಆಹಾರ ಸುರಕ್ಷತೆ ಕಾಯ್ದೆ, ಬಹುಪಾಲು ಮಹಿಳೆಯರಾದ ಕೆಲಸಗಾರರಿಗೆ ವೇತನ ಮತ್ತು ಭವಿಷ್ಯನಿಧಿಯ ಕಾನೂನು. ವರ್ಷಕ್ಕೆ ಬೇಕಾದ ಬೀಜವನ್ನು ಕೆಲವೇ ತಿಂಗಳಲ್ಲಿ ಕೊಂಡು ದಾಸ್ತಾನು ಮಾಡುವುದರಿಂದ ದುಡಿಯುವ ಬಂಡವಾಳದ ಸಾಲ ದೊಡ್ಡದಾಗಿರುತ್ತದೆ. ತಿರುಳಿನ ಖರೀದಿದಾರ ಹಣ ತಡಮಾಡಿದರೆ ಬ್ಯಾಂಕಿನ ಬಡ್ಡಿ ಕಾರ್ಖಾನೆಯ ಮೇಲೆ ಬೀಳುತ್ತದೆ. ಕಲಂ 15 ಮತ್ತು 16 ಈ ಹೊರೆಯನ್ನು ಖರೀದಿದಾರನಿಗೆ ವರ್ಗಾಯಿಸಲು ಉದ್ದೇಶಿಸಿವೆ.

ಹೆಂಚು ಮತ್ತು ಅಕ್ಕಿ ಗಿರಣಿ: ಕಾಂಕ್ರೀಟ್ ಚಾವಣಿಯ ಪ್ರಸಾರ ಮತ್ತು ಜೇಡಿಮಣ್ಣಿನ ಅಭಾವದಿಂದ ಹೆಂಚಿನ ಕಾರ್ಖಾನೆಗಳು ಕಡಿಮೆಯಾಗಿವೆ. ಮಣ್ಣು ತೆಗೆಯಲು ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳು ಅನ್ವಯಿಸುತ್ತವೆ. ಕುಚ್ಚಲಕ್ಕಿ ಗಿರಣಿಗಳು ಆಹಾರ ಸುರಕ್ಷತೆ ಕಾಯ್ದೆಗೂ ಭತ್ತ ಬೇಯಿಸಿದ ನೀರಿನ ವಿಲೇವಾರಿಗಾಗಿ 1974ರ ಜಲ ಮಾಲಿನ್ಯ ಕಾಯ್ದೆಗೂ ಒಳಪಡುತ್ತವೆ.

ಮೀನುಗಾರಿಕೆ ಮತ್ತು ಕರಾವಳಿ: 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಡಲ ದಂಡೆಯ ನಿರ್ಮಾಣಗಳನ್ನು ನಿರ್ಬಂಧಿಸುತ್ತದೆ. ಆದರೆ ಸ್ಥಳೀಯ ಮೀನುಗಾರ ಸಮುದಾಯಕ್ಕೆ ಬೇಕಾದ ಮೀನು ಒಣಗಿಸುವ ಅಂಗಳ, ಹರಾಜು ಕಟ್ಟೆ, ಬಲೆ ದುರಸ್ತಿಯ ಜಾಗ, ಸಾಂಪ್ರದಾಯಿಕ ದೋಣಿ ಕಟ್ಟೆ ಮತ್ತು ಮಂಜುಗಡ್ಡೆ ಸ್ಥಾವರಕ್ಕೆ ನಿರ್ಮಾಣರಹಿತ ವಲಯದಲ್ಲೂ ಅವಕಾಶವಿದೆ. ಇರುವ ಮನೆಯ ತಳಪಾಯ ಮತ್ತು ವಿನ್ಯಾಸ ಬದಲಿಸದೆ ಸ್ಥಳೀಯರು ಹೋಂಸ್ಟೇ ನಡೆಸಬಹುದು. ನಿರ್ಮಾಣರಹಿತ ವಲಯ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶದಲ್ಲಿ ಉಬ್ಬರ ರೇಖೆಯಿಂದ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶದಲ್ಲಿ 200 ಮೀಟರ್.

ಆಡಳಿತ ವ್ಯವಸ್ಥೆ

ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಜಿಲ್ಲಾ ಕೈಗಾರಿಕಾ ಕೇಂದ್ರ ಮೂರೂ ತಾಲೂಕುಗಳಿಗೆ ನೋಡಲ್ ಕಚೇರಿ. ಏಕಗವಾಕ್ಷಿ ಅರ್ಜಿಗಳು, ಉದ್ಯೋಗ ಸೃಜನ ಕಾರ್ಯಕ್ರಮ ಮತ್ತು ರಾಜ್ಯದ ರಿಯಾಯಿತಿಗಳು ಅದರ ಮೂಲಕ ಸಾಗುತ್ತವೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬಳಿಕ ಜಿಲ್ಲೆಯ ಅಗ್ರಣಿ ಬ್ಯಾಂಕಿನ ಹೊಣೆ ಕೆನರಾ ಬ್ಯಾಂಕಿನದು. ಉದ್ಯಮಶೀಲತಾ ತರಬೇತಿಗೆ ಬ್ರಹ್ಮಾವರದಲ್ಲಿ ರುಡ್‌ಸೆಟ್ ಸಂಸ್ಥೆಯ ಶಾಖೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ನ್ಯಾಸ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಒಟ್ಟಾಗಿ ಆರಂಭಿಸಿದ ಈ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು.

ಪ್ರಸ್ತುತ ಸ್ಥಿತಿ ಮತ್ತು ಮಿತಿಗಳು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೃತ್ತಿ ಸುರಕ್ಷತೆ ಸಂಹಿತೆಯಲ್ಲಿ ‘ಕಾರ್ಖಾನೆ’ ಎನಿಸಲು ಬೇಕಾದ ಕೆಲಸಗಾರರ ಸಂಖ್ಯೆ ವಿದ್ಯುತ್ ಬಳಸುವಲ್ಲಿ 10ರಿಂದ 20ಕ್ಕೆ, ಬಳಸದಲ್ಲಿ 20ರಿಂದ 40ಕ್ಕೆ ಏರಿದೆ. ಇದರಿಂದ ಚಿಕ್ಕ ಗಿರಣಿ ಮತ್ತು ದುರಸ್ತಿ ಘಟಕಗಳು ಕಾರ್ಖಾನೆ ವಿಧಿಗಳಿಂದ ಹೊರಗುಳಿಯುತ್ತವೆ. ಅಲ್ಲಿನ ಕೆಲಸಗಾರರಿಗೆ ಆ ವಿಧಿಗಳ ರಕ್ಷಣೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. 250 ಕೋಟಿ ರೂ. ಮೀರಿದ ವಹಿವಾಟಿನ ಕಂಪನಿಗಳು ಸಣ್ಣ ಪೂರೈಕೆದಾರರ ಬಿಲ್ಲುಗಳನ್ನು ಮುಂಗಡ ನಗದಾಗಿಸುವ ಟ್ರೆಡ್ಸ್ ವೇದಿಕೆಗೆ ಸೇರುವುದನ್ನು 2024ರ ನವೆಂಬರ್‌ನಲ್ಲಿ ಕಡ್ಡಾಯಗೊಳಿಸಲಾಯಿತು.

ಕಾನೂನುಗಳ ಮಿತಿಗಳು ಅವುಗಳ ರಚನೆಯಲ್ಲೇ ಇವೆ. ಪಾವತಿಯ ಹಕ್ಕು ನೋಂದಣಿಗೆ ಕಟ್ಟುಬಿದ್ದಿದೆ. ನೋಂದಾಯಿಸದ ಮನೆ ಉದ್ದಿಮೆಗೆ ಅದು ದಕ್ಕುವುದಿಲ್ಲ. ವ್ಯಾಪಾರಿಗಳು ವರ್ಗೀಕರಣದೊಳಗಿದ್ದರೂ ಪಾವತಿ ಪರಿಹಾರದ ಹೊರಗಿದ್ದಾರೆ. ಖಾಯಂ ಗಿರಾಕಿಯ ಮೇಲೆ ದೂರು ಕೊಟ್ಟರೆ ವ್ಯವಹಾರವೇ ಕೈತಪ್ಪಬಹುದೆಂಬ ಕಾರಣದಿಂದ ಬಡ್ಡಿಯ ಹಕ್ಕು ಬಳಕೆಯಾಗದೆ ಉಳಿಯುವುದುಂಟು. ಆದಾಯ ತೆರಿಗೆಯ 2023ರ ತಿದ್ದುಪಡಿ ಪೂರೈಕೆದಾರ ದೂರು ಕೊಡದಿದ್ದರೂ ಖರೀದಿದಾರನ ಲೆಕ್ಕದಲ್ಲೇ ಪರಿಣಾಮ ಬೀರುವಂತೆ ರೂಪುಗೊಂಡದ್ದು ಈ ಕೊರತೆಗೆ ಉತ್ತರವಾಗಿ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ಆ ವಿಧಿಯನ್ನು ಉಳಿಸಿಕೊಳ್ಳಲಾಗಿದೆ.